ಭೂಪಟ ಮಾಯವಾದ ಮಧ್ಯಾಹ್ನ

ದೊಡ್ಡಪ್ಪ ತಮ್ಮ ಯಜಮಾನಿಕೆಯ ಕುರ್ಚಿಯ ಭವಿಷ್ಯವನ್ನು ಘೋಷಿಸಿದ್ದು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಾ. ಮುದ್ರಣಾಲಯದ ಮೇಲಂತಸ್ತಿನ ಊಟದ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದರು. ಕೆಳಗೆ ಅಚ್ಚಿನ ಯಂತ್ರ ನಿಂತಿದ್ದುದರಿಂದ ಅವರ ಮಾತು ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಲಿಲ್ಲವೆಂದು ನೆಪ ಹೇಳುವ ಅವಕಾಶ ಯಾರಿಗೂ ಉಳಿಯಲಿಲ್ಲ.

"ನೋಡ್ರಪ್ಪಾ, ಈ ಭೂಪಟ ಪುಸ್ತಕ ಅಚ್ಚಾಗಿ ಶಾಲೆಗಳಿಗೆ ಹೋದ ದಿನ ನಾನು ಆ ಕುರ್ಚಿ ಬಿಟ್ಟು ಏಳ್ತೀನಿ. ಆಮೇಲೆ ಸೊಸೆ ಕೂತ್ಕೋತಾಳೆ. ಯಾರಿಗಾದ್ರೂ ತಕರಾರಿದ್ರೆ ಈಗ್ಲೇ ಹೇಳಿ. ಹಣ್ಣು ತಿಂದಾದ್ಮೇಲೆ ಕೇಳಲ್ಲ."

ಅಚ್ಚಿನ ಯಂತ್ರ ನಡೆಸುವಾತ ಮೊದಲು ಬಾಯಿ ತೆರೆದ. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲನ್ನು ತಗ್ಗಿಸುವುದನ್ನೇ ಮರೆತಿದ್ದ ಅವನನ್ನು ಎಲ್ಲರೂ ಗುಡುಗು ಎಂದೇ ಕರೆಯುತ್ತಿದ್ದರು.

"ಇನ್ಮೇಲೆ ನಿಮಗೆ ಹೆದರಬೇಕಾ ಅಮ್ಮಾ, ಇಲ್ಲ ಹೀಗೇ ಇರಬಹುದಾ?"

"ನೀವು ಇಷ್ಟು ವರ್ಷ ಯಾರಿಗೆ ಹೆದರಿದ್ದೀರಿ, ಈಗ ಹೊಸದಾಗಿ ಕಲಿಯೋಕೆ?" ಎಂದು ಸೊಸೆ ನಕ್ಕಳು. ಆಮೇಲೆ ಮೇಜಿನ ತುದಿಯತ್ತ ತಿರುಗಿ, "ಆದ್ರೆ ಮಾವ, ತಂತಿ ಜೊತೇಲಿಲ್ದೆ ನನ್ನ ಕೈಲಿ ಒಂದು ದಿನವೂ ಆಗಲ್ಲ. ಅದನ್ನ ಮೊದಲೇ ಹೇಳ್ತೀನಿ," ಎಂದಳು.

ಮೇಜಿನ ತುದಿಯಲ್ಲಿದ್ದ ತಂತಿಯ ತುತ್ತು ಕೈಯಲ್ಲೇ ಉಳಿಯಿತು.

ತಂತಿ ಎಂಬುದು ಅವನಿಗೆ ದೊಡ್ಡಪ್ಪನೇ ಇಟ್ಟ ಅಡ್ಡಹೆಸರು. ಚಿಕ್ಕಂದಿನಲ್ಲಿ ಮನೆಯ ರೇಡಿಯೋದಿಂದ ಹಿಡಿದು ಕರೆಗಂಟೆಯವರೆಗೆ ತಂತಿ ಕಂಡದ್ದನ್ನೆಲ್ಲ ಬಿಚ್ಚಿಡುತ್ತಿದ್ದ ಈ ತಮ್ಮನ ಮಗನನ್ನು ಅವರು ಓದಿಸಿದರು, ಕೆಲಸ ಕೊಟ್ಟರು, ಮುದ್ರಣಾಲಯದ ಕಂಪ್ಯೂಟರುಗಳನ್ನೆಲ್ಲ ಅವನ ವಶಕ್ಕೆ ಒಪ್ಪಿಸಿದರು. ದೊಡ್ಡಪ್ಪನ ಒಬ್ಬನೇ ಮಗ ಈಜು ಕಲಿಸುವ ಮೇಷ್ಟ್ರು. ಶಾಯಿಯ ವಾಸನೆ ಬಂದರೆ ಉಸಿರು ಕಟ್ಟಿ ನೀರಿನಡಿ ಹೋಗುವವನಂತೆ ಮೂಗು ಹಿಡಿದುಕೊಳ್ಳುತ್ತಿದ್ದ. ಹೀಗಿರುವಾಗ ಕುರ್ಚಿ ತನ್ನದಲ್ಲದೆ ಇನ್ನಾರದು ಎಂದು ತಂತಿ ಬಹುಕಾಲದಿಂದ ನಂಬಿಕೊಂಡಿದ್ದ. ಎಲ್ಲ ಕಂಪ್ಯೂಟರುಗಳಿಗೂ ಅವುಗಳನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ಹಾಕಿದವನು ಯಾರು? ಕೋಣೆಯಿಂದ ಕೋಣೆಗೆ ಕೇಬಲ್ ಎಳೆದವನು ಯಾರು? ಪುಸ್ತಕಗಳ ಪುಟಗಳೆಲ್ಲ ಭದ್ರವಾಗಿರುವ ಸರ್ವರನ್ನು ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಕೂಸಿನಂತೆ ಸಾಕಿದವನು ಯಾರು? ಆ ಈಜು ಮೇಷ್ಟ್ರ ಹೆಂಡತಿ, ಈ ಅತ್ತಿಗೆ, ಮಾಡಿದ್ದಾದರೂ ಏನು? ಪುಟ ಕಟ್ಟಿದಳು, ಮುನಿಸಿಕೊಂಡ ಲೇಖಕರನ್ನು ಸಮಾಧಾನಪಡಿಸಿದಳು, ಬೆರಳಲ್ಲಿ ಮುಟ್ಟಿ ಕಾಗದದ ದಪ್ಪ ಹೇಳಿದಳು. ಇದೂ ಒಂದು ವಿದ್ಯೆಯೆ?

ಆಕೆ ಅಷ್ಟು ಜನರೆದುರಿಗೆ ಅವನನ್ನು ಹೊಗಳಿದ್ದಳು. ಅವನು ಅದನ್ನು ಭಿಕ್ಷೆಯೆಂದು ಭಾವಿಸಿದ. ಉಪಕಾರವನ್ನು ಅವಮಾನವೆಂದು ತಿದ್ದಿ ಓದಿಕೊಳ್ಳುವ ಮನಸ್ಸು ಅಪರಾಧದ ಮೊದಲ ಪಾಠವನ್ನು ಆಗಲೇ ಮುಗಿಸಿರುತ್ತದೆ. ಮಿಕ್ಕ ಪಾಠಗಳಿಗೆ ಅವಕಾಶವೊಂದು ಸಿಕ್ಕಿದರೆ ಸಾಕು.

ಅವಕಾಶ ಮರುದಿನ ಬೆಳಿಗ್ಗೆಯೇ ಬಂದಿತು, ಅದೂ ಅತ್ತಿಗೆಯ ಬಾಯಿಂದಲೇ.

"ತಂತಿ, ಸ್ವಲ್ಪ ಬಾ. ನನ್ನ ಕಂಪ್ಯೂಟರ್ ನನ್ನ ಜೊತೆ ಮಾತಾಡ್ತಿದೆ, ಊರಿನವರ ಜೊತೆ ಮಾತು ಬಿಟ್ಟಿದೆ."

ನಿಜವಾಗಿತ್ತು. ಪುಟಗಳೆಲ್ಲ ಸರ್ವರಿನಲ್ಲಿದ್ದವು, ಅತ್ತಿಗೆಯ ಕಂಪ್ಯೂಟರ್ ಸರ್ವರನ್ನು ತಲುಪಲಾರದೆ ಒಂಟಿಯಾಗಿ ಕುಳಿತಿತ್ತು. ತಂತಿ ಕುರ್ಚಿ ಎಳೆದುಕೊಂಡು ಕುಳಿತ. ಈ ಕೆಲಸದಲ್ಲಿ ಅವನು ಪ್ರಾಮಾಣಿಕನೂ ನಿಪುಣನೂ ಆಗಿದ್ದನೆಂಬುದನ್ನು ಒಪ್ಪಲೇಬೇಕು. ಕೌಶಲ ಹೀಗೆ ಕೆಟ್ಟ ಕೈಗೆ ಸಿಕ್ಕುವುದೇ ಲೋಕದ ದೊಡ್ಡ ನಷ್ಟ.

ಮೊದಲು ಕೇಬಲ್ ನೋಡಿದ. ಕಿತ್ತು ಮತ್ತೆ ಚುಚ್ಚಿದ, ಬೇರೊಂದು ಕೇಬಲ್ ಹಾಕಿದ. ಹಿಂಬದಿಯ ಹಸಿರು ದೀಪ ಹತ್ತಲಿಲ್ಲ. ಯಂತ್ರದೊಳಗೆ ಯಾವ ಯಾವ ಕಾರ್ಡುಗಳಿವೆ ಎಂದು ತೋರಿಸುವ ಕಮಾಂಡ್ ಕೊಟ್ಟ. ನೆಟ್‌ವರ್ಕ್ ಕಾರ್ಡ್ ಹಾಜರಿ ಹೇಳಿತು. ಅಂದರೆ ಕಾರ್ಡ್ ಸಡಿಲವಾಗಿಲ್ಲ, ಸುಟ್ಟಿಲ್ಲ. ಹಾಗಾದರೆ ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಯಾವುದು? ಅಲ್ಲಿತ್ತು ಕುತ್ತು. ಹಿಂದಿನ ಸಂಜೆ ಲಿನಕ್ಸಿನ ಹೊಸ ಆವೃತ್ತಿ ತಾನಾಗಿ ಬಂದು ಕುಳಿತಿತ್ತು. ಅದರೊಂದಿಗೆ ಬಂದ ಇನ್ನೊಂದು ಡ್ರೈವರ್, ಹೆಸರಿನಲ್ಲೂ ರೂಪದಲ್ಲೂ ಹಳೆಯದರ ಅವಳಿಯಂತಿದ್ದದ್ದು, ಕಾರ್ಡನ್ನು ಮೊದಲೇ ಹಿಡಿದುಕೊಂಡುಬಿಟ್ಟಿತ್ತು. ಹಿಡಿದುಕೊಳ್ಳಲು ಬಂದಿತೇ ಹೊರತು ನಡೆಸಲು ಬರಲಿಲ್ಲ. ಹಳೆಯ ಡ್ರೈವರ್ ಬಾಗಿಲ ಹೊರಗೆ ನಿಂತಿತ್ತು. ತಂತಿ ಹೊಸದನ್ನು ಹೊರಹಾಕಿದ, ಅದು ಮತ್ತೆ ಒಳಬಾರದಂತೆ ತಡೆ ಬರೆದ, ಹಳೆಯದನ್ನು ಕರೆದು ಕೂರಿಸಿದ.

ಹಸಿರು ದೀಪ ಮಿಣುಕಿತು.

ಅತ್ತಿಗೆ ಆ ಹೊತ್ತಿಗೆ ಚಹಾ ತರಲು ಹೋಗಿದ್ದಳು. ದೀಪವನ್ನು ಕಂಡವನು ತಂತಿಯೊಬ್ಬನೇ. ಆ ಒಂದು ಕ್ಷಣದಲ್ಲಿ ಇಡೀ ಅಪರಾಧ, ಪುಟ ಕಟ್ಟಿ ಅಚ್ಚಿಗೆ ಸಿದ್ಧವಾದ ಪುಸ್ತಕದಂತೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವನ ಕಣ್ಣಮುಂದೆ ತೆರೆದುಕೊಂಡಿತು. ಅವನು ಹಳೆಯ ಡ್ರೈವರನ್ನು ಮತ್ತೆ ಹೊರಗೆ ಕಳಿಸಿದ. ದೀಪ ಆರಿತು.

ಅತ್ತಿಗೆ ಎರಡು ಲೋಟ ಹಿಡಿದು ಬಂದಾಗ ಅವನು ಹಣೆಯ ಬೆವರೊರೆಸಿಕೊಳ್ಳುತ್ತಿದ್ದ, ಬೆವರು ಬಂದಿರಲಿಲ್ಲ.

"ಕಾರ್ಡ್ ಸತ್ತಿದೆ ಅತ್ತಿಗೆ."

"ಅಯ್ಯೋ! ಪೂರ್ತಿ?"

"ಪೂರ್ತಿ. ಹೊಸದು ಬರೋವರೆಗೂ ಇದು ನೆಟ್‌ವರ್ಕಿಗೆ ಬರೋ ಮಾತೇ ಇಲ್ಲ. ನೀವು ಅಷ್ಟರಲ್ಲಿ ಕಾಗದದ ಮೇಲಿನ ಕರಡು ತಿದ್ದಿಬಿಡಿ. ಇದನ್ನ ಮಾತ್ರ ಯಾರೂ ಮುಟ್ಟಬೇಡಿ, ಆರಿಸಲೂಬೇಡಿ. ಇನ್ನೊಂದೆರಡು ಪರೀಕ್ಷೆ ಬಾಕಿ ಇದೆ."

"ನೀನು ಹೇಳಿದ್ಮೇಲೆ ಮುಗೀತು," ಎಂದು ಆಕೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಪಕ್ಕದ ಕರಡಿನ ಕೋಣೆಗೆ ಹೊರಟುಹೋದಳು. ಇಷ್ಟು ಸುಲಭವಾಗಿ ನಂಬುವವರಿಗೆ ಮೋಸ ಮಾಡುವುದು ಹೇಡಿತನ. ತಂತಿ ಅದನ್ನು ಚಾತುರ್ಯವೆಂದು ಕರೆದುಕೊಂಡ.

ಊಟದ ಹೊತ್ತಿಗೆ ಸುದ್ದಿ ಮುದ್ರಣಾಲಯವನ್ನೆಲ್ಲ ಸುತ್ತಿತ್ತು. ಅತ್ತಿಗೆಯ ಕಂಪ್ಯೂಟರನ್ನು ತಂತಿ ಎಷ್ಟು ಕಷ್ಟಪಟ್ಟು ಪರೀಕ್ಷಿಸಿದನೆಂಬುದನ್ನು ಅವನೇ ವಿವರವಾಗಿ ವರ್ಣಿಸಿದ. ದೊಡ್ಡಪ್ಪ ಕಾಳಜಿಯಿಂದ ಕೇಳಿದರು.

"ಬದುಕೋ ಆಸೆ ಏನೂ ಇಲ್ವೇನೋ?"

"ಇಲ್ಲ ದೊಡ್ಡಪ್ಪ. ನಾನು ಎಲ್ಲಾ ಮಾಡಿ ನೋಡ್ದೆ."

"ಒಂದು ನಿಮಿಷ ಎದ್ದು ನಿಂತ್ಕೊಳ್ಳೋಣ್ವಾ?" ಎಂದು ಗುಡುಗು ಗುಡುಗಿದ. ಎಲ್ಲರೂ ನಿಜವಾಗಿಯೂ ಎದ್ದು ನಿಂತರು. ಊಟದ ಕೋಣೆ ನಗುವಿನಿಂದ ತುಂಬಿತು. ತಂತಿಯೂ ನಕ್ಕ. ಹೊಸ ಕಾರ್ಡಿಗೆ ದೊಡ್ಡಪ್ಪ ತಾವೇ ಅಂಗಡಿಗೆ ಫೋನ್ ಮಾಡಿದರು. ಸುಲಭಕ್ಕೆ ಸಿಗದ ಮಾದರಿಯ ಹೆಸರನ್ನೇ ತಂತಿ ಅವರಿಗೆ ಹೇಳಿಕೊಟ್ಟಿದ್ದರಿಂದ, ಬರಲು ವಾರ ಹಿಡಿಯುತ್ತದೆಂಬ ಉತ್ತರ ಬಂತು. ವಾರ ಅವನಿಗೆ ಬೇಕಾದುದಕ್ಕಿಂತ ಹೆಚ್ಚಾಗಿತ್ತು.

ಅವನ ಯೋಜನೆ ಸರಳವಾಗಿತ್ತು. ಸರಳತೆಯೇ ಅದರ ಸೌಂದರ್ಯವೆಂದು ಅವನು ತನ್ನನ್ನು ತಾನೇ ಮೆಚ್ಚಿಕೊಂಡ. ಭೂಪಟ ಪುಸ್ತಕದ ಪುಟಗಳೆಲ್ಲ ಸರ್ವರಿನಿಂದ ಅಳಿಸಿಹೋಗಬೇಕು. ಅಳಿಸಿದ್ದು ಅತ್ತಿಗೆಯ ಕಂಪ್ಯೂಟರಿನಿಂದ ಎಂದು ಸರ್ವರೇ ಸಾಕ್ಷಿ ನುಡಿಯಬೇಕು. ಶಾಲೆಗಳು ತೆರೆಯುವ ಮುನ್ನ ಕೈಗೆ ಬಂದ ಪುಸ್ತಕವನ್ನು ಅಜಾಗರೂಕತೆಯಿಂದ ನೀರುಪಾಲು ಮಾಡಿದವಳಿಗೆ ದೊಡ್ಡಪ್ಪ ಕುರ್ಚಿ ಕೊಟ್ಟಾರೆಯೆ? ಎಲ್ಲರೂ ತಲೆಯ ಮೇಲೆ ಕೈಹೊತ್ತು ಕುಳಿತಾಗ ತಂತಿ ಎರಡು ದಿನ ಬಾಗಿಲು ಹಾಕಿಕೊಂಡು ಶ್ರಮಿಸಿದಂತೆ ಮಾಡಿ, ಪುಟಗಳನ್ನೆಲ್ಲ ಮರಳಿ ತಂದುಕೊಡುವನು. ಅದಕ್ಕಾಗಿ ಅವನು ಇಡೀ ಪುಸ್ತಕದ ಒಂದು ಪ್ರತಿಯನ್ನು ಮುಂಚೆಯೇ ತೆಗೆದು ಮನೆಯ ಬೀರುವಿನಲ್ಲಿ, ಮಡಿಸಿದ ಅಂಗಿಗಳ ನಡುವೆ ಇಟ್ಟಿದ್ದ. ಹೀಗಾಗಿ ತಾನು ಏನನ್ನೂ ಹಾಳುಮಾಡುತ್ತಿಲ್ಲ, ಕೆಲವು ದಿನ ಬಚ್ಚಿಡುತ್ತಿದ್ದೇನೆ ಅಷ್ಟೆ ಎಂದು ಅವನ ಅಂತಃಕರಣ ತೀರ್ಪು ಕೊಟ್ಟಿತು. ಒಬ್ಬ ಹೆಣ್ಣುಮಗಳ ಒಳ್ಳೆಯ ಹೆಸರನ್ನು ಯಾವ ಬೀರುವಿನಲ್ಲಿ ಬಚ್ಚಿಟ್ಟು ಯಾವಾಗ ಮರಳಿಸುವೆ ಎಂದು ಆ ಅಂತಃಕರಣ ಕೇಳಲಿಲ್ಲ. ಅದಕ್ಕೆ ಲಂಚ ಆಗಲೇ ತಲುಪಿತ್ತು.

ಮುಂದಿನದು ನೆಲೆಯ ಪ್ರಶ್ನೆ. ಪುಟಗಳು ಅಳಿಯುವ ಹೊತ್ತಿನಲ್ಲಿ ತಾನು ಎಲ್ಲಿರಬೇಕು? ಸರ್ವರಿನ ಹತ್ತಿರವಂತೂ ಅಲ್ಲ, ಅತ್ತಿಗೆಯ ಕಂಪ್ಯೂಟರಿನ ಹತ್ತಿರವೂ ಅಲ್ಲ. ಊಟದ ಕೋಣೆಯಲ್ಲಿ, ದೊಡ್ಡಪ್ಪನ ಎದುರಿಗೆ, ಬಾಯಿಯಲ್ಲಿ ತುತ್ತಿಟ್ಟುಕೊಂಡು ಇರಬೇಕು. ಅತ್ತಿಗೆಯೋ, ಕರಡಿನ ಅವಸರದಲ್ಲಿ ಊಟಕ್ಕೆ ಮೇಲೆ ಬರುವುದನ್ನೇ ಬಿಟ್ಟಿದ್ದಳು; ಕೆಳಗಿನ ಕೋಣೆಗಳಲ್ಲಿ ಆ ಹೊತ್ತಿಗೆ ಆಕೆಯೊಬ್ಬಳೇ. ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆಯನ್ನು ವಿಧಿಯೂ ಮಾಡಿಕೊಡಲಾರದು.

ಆದ್ದರಿಂದ ಅವನು ಅತ್ತಿಗೆಯ ಕಂಪ್ಯೂಟರಿಗೇ ಕೆಲಸವನ್ನು ವಹಿಸಿದ. ಪರೀಕ್ಷೆಯ ನೆಪದಲ್ಲಿ ಅದರ ಮುಂದೆ ಕುಳಿತು, ತಪ್ಪಿಲ್ಲದ ಕೈಬರಹದಂಥ ಸಾಲುಗಳನ್ನು ಬರೆದಿಟ್ಟ. ನಿಗದಿಯಾದ ಮಧ್ಯಾಹ್ನ, ಊಟದ ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಹಳೆಯ ಡ್ರೈವರ್ ತಾನಾಗಿ ಎದ್ದು ಕಾರ್ಡನ್ನು ಎಬ್ಬಿಸುವುದು, ಕಂಪ್ಯೂಟರ್ ಅತ್ತಿಗೆಯ ಹೆಸರಿನಲ್ಲೇ ಸರ್ವರಿನ ಬಾಗಿಲು ತಟ್ಟುವುದು, ದಿನವೂ ಬರುವ ಪರಿಚಯದವರೆಂದು ಸರ್ವರ್ ಗುಪ್ತಪದ ಕೇಳದೆ ಒಳಗೆ ಬಿಡುವುದು, ಭೂಪಟಗಳೆಲ್ಲ ಅಳಿಯುವುವು, ಕಾರ್ಡ್ ಮತ್ತೆ ಮಲಗುವುದು, ಕೊನೆಗೆ ಆ ಸಾಲುಗಳು ತಮ್ಮನ್ನು ತಾವೇ ಅಳಿಸಿಕೊಳ್ಳುವುವು. ಅತ್ತಿಗೆಯ ಕಂಪ್ಯೂಟರಿನಲ್ಲಿ ಒಂದು ಧೂಳಿನ ಕಣದಷ್ಟೂ ಗುರುತು ಉಳಿಯದು. ಸರ್ವರಿನಲ್ಲಿ ಮಾತ್ರ ಉಳಿಯುವುದು, ಉಳಿಯಲೇಬೇಕು: ಬಂದ ಕಾರ್ಡಿನ ಗುರುತು ಸಂಖ್ಯೆ. ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಪ್ರತಿಯೊಂದು ಕಾರ್ಡಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಹೊರಗಿನಿಂದ ಯಾವ ಪಂಡಿತನನ್ನು ಕರೆಸಿ ಕೇಳಿದರೂ ಆ ಸಂಖ್ಯೆ ಚಾಚಿದ ಬೆರಳಿನಂತೆ ಅತ್ತಿಗೆಯ ಮೇಜನ್ನು ತೋರಿಸುವುದು.

ಸರ್ವರಿನ ದಿನನಿತ್ಯದ ನಕಲು ತೆಗೆಯುವ ಕೆಲಸವೂ ಅವನದೇ ಆಗಿತ್ತು. ನಕಲಿನ ಡಿಸ್ಕ್ ತುಂಬಿದೆ, ಖಾಲಿ ಮಾಡಬೇಕು ಎಂದು ಹೇಳಿ ಹಳೆಯ ನಕಲುಗಳನ್ನೂ ಅಳಿಸಿ ಅದನ್ನು ನಿಲ್ಲಿಸಿದ. ಯಾರೂ ಏಕೆಂದು ಕೇಳಲಿಲ್ಲ. ತಂತಿ ಹೇಳಿದ ಮೇಲೆ ಮುಗಿಯಿತು.

ತನ್ನ ಕೃತ್ಯದಲ್ಲಿ ಬಿರುಕು ಎಲ್ಲಿದೆಯೆಂದು ಅವನು ಪರೀಕ್ಷಕನಂತೆ ಮತ್ತೆ ಮತ್ತೆ ಹುಡುಕಿದ. ಅತ್ತಿಗೆ ಆಕಸ್ಮಿಕವಾಗಿ ಕಂಪ್ಯೂಟರ್ ಆರಿಸಿದರೆ? ಆರಿಸಬೇಡಿರೆಂದು ಹೇಳಿಯಾಗಿದೆ, ಹೇಳಿದ್ದನ್ನು ಕೇಳುವವಳು. ಹೊಸ ಕಾರ್ಡ್ ಬೇಗ ಬಂದುಬಿಟ್ಟರೆ? ಅವನು ದಿನವೂ ಅಂಗಡಿಗೆ ಫೋನ್ ಮಾಡಿ, ಬಂದಿಲ್ಲವೆಂಬುದನ್ನು ಖಚಿತಪಡಿಸಿಕೊಂಡ. ಅವನ ಈ ಶ್ರದ್ಧೆಯನ್ನು ಕಂಡು ಅತ್ತಿಗೆ ಮರುಗಿದಳು.

"ನನ್ನ ಸಲುವಾಗಿ ಎಷ್ಟು ಒದ್ದಾಡ್ತೀಯೋ! ಬಿಡು, ಪೆನ್ಸಿಲ್ಲಿನಲ್ಲೇ ಕೆಲಸ ಸಾಗ್ತಿದೆ. ಎರಡು ನದಿ ತಪ್ಪು ದಿಕ್ಕಿಗೆ ಹರೀತಿದ್ವು, ಸರಿಮಾಡ್ದೆ."

"ನೀವು ಒಪ್ಪಿದ್ರೂ ನನಗೆ ಸಮಾಧಾನ ಇಲ್ಲ ಅತ್ತಿಗೆ," ಎಂದ ತಂತಿ. ಈ ಒಂದು ಮಾತಿನಲ್ಲಾದರೂ ಅವನು ಸುಳ್ಳು ಹೇಳಲಿಲ್ಲ.

ಆ ಮಧ್ಯಾಹ್ನ ಬಂದಿತು. ತಂತಿ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿ ದೊಡ್ಡಪ್ಪನ ಎದುರಿನ ಸ್ಥಾನವನ್ನೇ ಹಿಡಿದ. ಅಂದಿನಷ್ಟು ಲವಲವಿಕೆಯಿಂದ ಅವನು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಗುಡುಗಿನ ಧ್ವನಿಯನ್ನು ಅಣಕಿಸಿದ. ಗುಡುಗೇ ಕಣ್ಣೀರು ಬರುವಂತೆ ನಕ್ಕ. ಗೋಡೆಯ ಗಡಿಯಾರದ ಮುಳ್ಳು ಆ ನಿಮಿಷವನ್ನು ದಾಟಿದಾಗ ತಂತಿ ನೀರಿನ ಲೋಟವನ್ನು ದೊಡ್ಡಪ್ಪನ ಕಡೆಗೆ ಸರಿಸುತ್ತಿದ್ದ. ಆ ಲೋಟದ ಸಾಕ್ಷ್ಯಕ್ಕೆ ಎದುರಾಡುವ ನ್ಯಾಯಾಲಯ ಭೂಮಿಯ ಮೇಲಿಲ್ಲವೆಂದು ಅವನಿಗೆ ಅನಿಸಿತು.

"ಏನೋ ಇವತ್ತು ಮದುವೆ ಗಂಡಿನ ಹಾಗೆ ಆಡ್ತಿದ್ದೀಯ?" ಎಂದರು ದೊಡ್ಡಪ್ಪ.

"ಪುಸ್ತಕ ಮುಗೀತಾ ಬಂತಲ್ಲ ದೊಡ್ಡಪ್ಪ, ಅದೇ ಖುಷಿ."

ಊಟ ಮುಗಿಸಿ ಕೆಳಗಿಳಿದ ಗುಡುಗು ಅಚ್ಚಿಗೆ ಮೊದಲ ಹಾಳೆಯ ಪುಟಗಳನ್ನು ಸರ್ವರಿನಿಂದ ತರಿಸಿಕೊಳ್ಳಲು ಕುಳಿತ. ಮರುಕ್ಷಣವೇ ಅವನ ಕೂಗು ಮೂರು ಗೋಡೆಗಳನ್ನು ತೂರಿ ಬಂದಿತು.

"ಭೂಪಟ ಇಲ್ಲ! ದೇಶ ಇಲ್ಲ, ಸಮುದ್ರ ಇಲ್ಲ, ಏನೂ ಇಲ್ಲ!"

ಎಲ್ಲರೂ ಓಡಿದರು. ಕರಡಿನ ಕೋಣೆಯಿಂದ ಬಂದ ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟಳು. ಪೆನ್ಸಿಲ್ ಇನ್ನೂ ಕಿವಿಯ ಮೇಲಿತ್ತು. ಎರಡು ವರ್ಷಗಳ ದುಡಿಮೆ ಆಕೆಯದು. ಅಳಲಿಲ್ಲ, ಕೂಗಲಿಲ್ಲ. "ಎಲ್ಲಾನೂ?" ಎಂದು ಮಾತ್ರ ಕೇಳಿ, ಗೋಡೆಗೆ ಒರಗಿಕೊಂಡಳು. ತಂತಿಗೆ ಒಂದು ಗಳಿಗೆ ಆಕೆಯ ಮುಖವನ್ನು ನೋಡಲಾಗಲಿಲ್ಲ. ಆದರೆ ಯೋಜನೆಯ ಮುಂದಿನ ಹೆಜ್ಜೆ ನೆನಪಾಗಿ ಚೇತರಿಸಿಕೊಂಡ.

ಮುಂದಿನ ಹೆಜ್ಜೆಯೆಂದರೆ ಮೌನ. ತಾನಾಗಿ ಯಾರ ಮೇಲೂ ಬೊಟ್ಟು ಮಾಡಬಾರದು, ಒತ್ತಾಯ ಮಾಡಿಸಿಕೊಳ್ಳಬೇಕು. ಅವನು ಹೋಗಿ ಸರ್ವರಿನ ಮುಂದೆ ಕುಳಿತ, ಎಲ್ಲರೂ ಹಿಂದೆಯೇ ಬಂದರು. ದೊಡ್ಡಪ್ಪ ಆ ಗೂಡಿಗೆ ಬಗ್ಗಿ ಒಳಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ತಂತಿ, ಯಾರು ಅಳಿಸಿದ್ದು ಅಂತ ಇದರಲ್ಲಿ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ದೊಡ್ಡಪ್ಪ. ಆದ್ರೆ ಬೇಡ. ಮನೆ ವಿಷಯ. ಪುಟಗಳನ್ನ ಹೇಗಾದ್ರೂ ವಾಪಸ್ ತರೋ ಪ್ರಯತ್ನ ಮಾಡ್ತೀನಿ, ಹೆಸರು ಮಾತ್ರ ಕೇಳಬೇಡಿ."

"ಹೆಸರು ಕೇಳ್ತೀನಿ. ತೋರಿಸು."

"ನನ್ನ ಬಾಯಿಂದ ಬೇಡ ದೊಡ್ಡಪ್ಪ."

"ಬಾಯಿಂದ ಬೇಡ. ಬೆರಳಿಂದ ತೋರಿಸು," ಎಂದ ಗುಡುಗು, ತನ್ನ ಮಟ್ಟಿಗೆ ಮೆಲುದನಿಯಲ್ಲಿ; ಆದರೂ ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು.

ತಂತಿ ನಿಟ್ಟುಸಿರಿಟ್ಟು ತೆರೆಯ ಮೇಲೆ ಆ ಸಾಲನ್ನು ತಂದು ನಿಲ್ಲಿಸಿದ. ಗುರುತು ಸಂಖ್ಯೆಯ ಕೆಳಗೆ ಬೆರಳಿಟ್ಟ. ಮುಖ ತಾನಾಗಿಯೇ ಬಾಡಿತು. ಅಭಿನಯ ಅಷ್ಟು ಚೆನ್ನಾಗಿ ರಕ್ತಗತವಾಗಿತ್ತು.

"ಇದು ಅತ್ತಿಗೆಯ ಕಂಪ್ಯೂಟರ್. ಇವತ್ತು ನಾವು ಊಟಕ್ಕೆ ಕೂತಿದ್ದಾಗ. ಬೇಕು ಅಂತ ಮಾಡಿರಲ್ಲ, ಕೈ ತಪ್ಪಿರುತ್ತೆ."

"ನಾನಾ?" ಎಂದಳು ಅತ್ತಿಗೆ.

"ಸರ್ವರ್ ತಪ್ಪಾಗಿ ತೋರಿಸ್ತಿರಬಹುದಲ್ವಾ?" ದೊಡ್ಡಪ್ಪನ ಧ್ವನಿಯಲ್ಲಿ ಆಸೆಯಿತ್ತು. "ಬೇರೆ ಯಾವುದೋ ಕಂಪ್ಯೂಟರ್ ಇರಬಹುದಲ್ವಾ?"

ಇದೇ ಪ್ರಶ್ನೆಗೆ ತಂತಿ ಅಷ್ಟು ದಿನಗಳಿಂದ ಕಾದಿದ್ದ. ಉತ್ತರ ಕಂಠಪಾಠವಾಗಿತ್ತು.

"ಸಾಧ್ಯವೇ ಇಲ್ಲ ದೊಡ್ಡಪ್ಪ. ಒಂದು ಕಾರ್ಡಿನ ಸಂಖ್ಯೆ ಇನ್ನೊಂದಕ್ಕೆ ಇರಲ್ಲ. ಬೇಕಿದ್ರೆ ಹೊರಗಿನವರನ್ನ ಕರೆಸಿ. ಬಂದಿದ್ದು ಅದೇ ಕಾರ್ಡಿನಿಂದ, ಅತ್ತಿಗೆಯ ಮೇಜಿನ ಮೇಲಿರೋ ಅದೇ ಕಂಪ್ಯೂಟರಿನ ಕಾರ್ಡಿನಿಂದ. ಯಾರ ಮೇಲೆ ಬೇಕಾದ್ರೂ ಆಣೆ ಇಟ್ಟು ಹೇಳ್ತೀನಿ."

ದೊಡ್ಡಪ್ಪ, ಎಂಥ ದುಃಖದಲ್ಲೂ ಮನೆಯ ಸಣ್ಣಪುಟ್ಟ ಲಾಭವನ್ನು ಮರೆಯದ ಯಜಮಾನನ ರೂಢಿಯಂತೆ, ಜೇಬಿನಿಂದ ಫೋನ್ ತೆಗೆದರು. "ಹೋಗ್ಲಿ, ಒಂದು ಒಳ್ಳೇದಾಯ್ತು. ಕಾರ್ಡ್ ಸತ್ತಿಲ್ಲ ಅಂತಾಯ್ತು. ಹೊಸದು ಬೇಡ ಅಂತ ಅಂಗಡಿಯವನಿಗೆ ಹೇಳಿಬಿಡ್ತೀನಿ. ನೋಡು, ಪಾಪ, ನಾವೆಲ್ಲ ಎದ್ದು ನಿಂತು ಅದಕ್ಕೆ ಶ್ರದ್ಧಾಂಜಲಿ ಬೇರೆ ಮಾಡಿದ್ವಿ, ಅದಕ್ಕೆ ಜೀವ ಇದೆ ಅಂತ ಗೊತ್ತಿದ್ದವರು…" ಎಂದವರು ಅಲ್ಲಿಗೇ ನಿಲ್ಲಿಸಿದರು. ಫೋನ್ ಕಿವಿಯವರೆಗೂ ಹೋಗದೆ ನಡುದಾರಿಯಲ್ಲೇ ಉಳಿಯಿತು. ಗುಡುಗಿನ ಬಾಯಿ ತೆರೆದುಕೊಂಡಿತು, ಸದ್ದು ಮಾತ್ರ ಬರಲಿಲ್ಲ. ಅತ್ತಿಗೆ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಆ ಕಿರುಕೋಣೆಯಲ್ಲಿದ್ದ ಮುಖಗಳೆಲ್ಲ ಒಂದೊಂದಾಗಿ ತನ್ನ ಕಡೆಗೆ ತಿರುಗುವುದನ್ನು ತಂತಿ ನೋಡಿದ. ಬೆರಳು ಇನ್ನೂ ಆ ಸಂಖ್ಯೆಯ ಕೆಳಗೇ ಇತ್ತು. ತೆಗೆಯಬೇಕೆಂದು ಅವನಿಗೆ ತೋಚಲಿಲ್ಲ. ಕೇಬಲ್, ಡ್ರೈವರ್, ಗಡಿಯಾರ, ನೀರಿನ ಲೋಟ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದ ಅವನು ಒಂದೇ ಒಂದು ಸಣ್ಣ ಸಂಗತಿಯನ್ನು ಬಿಟ್ಟಿದ್ದ: ಅವನು ಹೇಳಿದ ಮೊದಲ ಸುಳ್ಳನ್ನು ಇವರೆಲ್ಲರೂ ಮನಸಾರೆ ನಂಬಿದ್ದರು. ಅದನ್ನು ಮರೆತಿದ್ದವನು ಅವನೊಬ್ಬನೇ.